ನೆಪ್ಚೂನ್ ಆಚೆಯ ಚಾರ್ಜು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ಹುಸ್ನಾ, ತನ್ನ ಗಂಡನನ್ನು ಒತ್ತೆ ಇಟ್ಟುಕೊಂಡಿದ್ದಾರೆಂದು ದೂರು ಹೇಳಿದಳು. ಎಲ್ಲಿ ಎಂದು ಹೆಡ್ ಕಾನ್‌ಸ್ಟೇಬಲ್ ಮೈಲಾರಿ ಕೇಳಿದ.

“ಆಕಾಶದಾಗ್ರಿ.”

ಮೈಲಾರಿ ಪೆನ್ನು ಕೆಳಗಿಟ್ಟ. ಆದರೆ ಆಕೆ ಎದೆಗೆ ಅವಚಿಕೊಂಡಿದ್ದ ಐಸ್ ಡಬ್ಬಿಯನ್ನು ಕಂಡು ಸಬ್‌ಇನ್‌ಸ್ಪೆಕ್ಟರ್ ನಿರುಪಮಾ ಎದ್ದು ಬಂದಳು. ಇನ್‌ಸ್ಪೆಕ್ಟರ್ ವರ್ಗವಾಗಿ ಹೋದಮೇಲೆ ಠಾಣೆಯ ಪ್ರಭಾರ ಅವಳ ಮೇಲಿತ್ತು. ಡಬ್ಬಿಯಲ್ಲಿ ಇನ್ಸುಲಿನ್ ಇತ್ತು.

ಹುಸ್ನಾಳ ಗಂಡ ಫರಾಜ ಬೈಕ್ ಮೆಕ್ಯಾನಿಕ್. ಚಿಕ್ಕಂದಿನಿಂದ ನಕ್ಷತ್ರದ ಹುಚ್ಚು. ಊರಾಚೆಯ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಯಾರೋ ತಗಡಿನ ಅಂತರಿಕ್ಷ ನೌಕೆ ಕಟ್ಟಿ, ಮೂವರನ್ನು ಒಳಗೆ ಕೂಡಿಸಿ, ಹತ್ತು ದಿನ ಆಕಾಶದಲ್ಲಿದ್ದಂತೆಯೇ ಇರಬೇಕೆಂದು ತರಬೇತಿ ನಡೆಸಿದ್ದರು. ಭಾನುವಾರ ಮುಗಿಯಬೇಕಿತ್ತು. ಯಾರೂ ಹೊರಗೆ ಬಂದಿರಲಿಲ್ಲ.

“ಇನ್ಸುಲಿನ್ ಭಾನುವಾರದ ತನಾ ಅಷ್ಟ ಒಯ್ದಾರ್ರಿ. ಚುಚ್ಚಗೊಳ್ಳಲಿಲ್ಲಂದ್ರ ಆ ಮನಷ್ಯಾ ಉಳಿಯಂಗಿಲ್ಲ.”

ಅಕ್ರಮ ಬಂಧನದ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ಹುಸ್ನಾಳನ್ನೂ ಜೀಪಿಗೆ ಹತ್ತಿಸಿಕೊಂಡು ಹೋಗುವಾಗ ನಿರುಪಮಾ ಮನಸ್ಸಿನಲ್ಲೇ ಬೈದುಕೊಂಡಳು. ನಲ್ಲಿಯಲ್ಲಿ ನೀರು ಬರುವ ದಿನ ಯಾವುದೆಂದು ಊರಿಗೇ ಗೊತ್ತಿಲ್ಲ, ಈ ಪುಣ್ಯಾತ್ಮರಿಗೆ ನೆಪ್ಚೂನ್ ಬೇಕಾಗಿದೆ!

ಹಿಂದೆ ಪಂಪ್‌ಸೆಟ್ ತಯಾರಾಗುತ್ತಿದ್ದ ಶೆಡ್ಡು ಅದು. ನಡುವೆ ಬೆಳ್ಳಿ ಬಣ್ಣ ಬಳಿದ ಉದ್ದನೆಯ ಡಬ್ಬ. ಪಕ್ಕದಲ್ಲಿ ಎರಡು ಲ್ಯಾಪ್‌ಟಾಪ್ ಇಟ್ಟ ಟೇಬಲ್ಲಿಗೆ ಭೂಮಿ ಎಂದು ಹೆಸರು. ಅಲ್ಲಿ ಕೂತಿದ್ದವನು ಸಂಸ್ಥಾಪಕ ವಿನೀತ. ನೀಲಿ ಅಂಗಿಯ ತುಂಬ ತಾನೇ ಹೊಲಿಸಿಕೊಂಡ ಬಿಲ್ಲೆಗಳು.

“ಬಾಗಲಾ ತಗೀರಿ,” ಎಂದಳು ನಿರುಪಮಾ.

“ಒಳಗಿಂದ ಚಿಲಕ ಹಾಕ್ಯಾರ್ರಿ. ಕ್ಯಾಪ್ಟನ್ ರಮಾಕಾಂತ ಸರ್ ನೌಕೆ ವಶಾ ಮಾಡ್ಕೊಂಡಾರ. ತರಬೇತಿಯೊಳಗ ಒತ್ತೆಯಾಳು ಪ್ರಸಂಗ ಇತ್ರಿ, ನಾ ಇದೂ ಅದರದ ಭಾಗ ಅಂದ್ಕೊಂಡೆ. ಭಾಳ ಛಲೋ ನಡಸ್ಯಾರ.”

“ಒಳಗ ಇನ್ನೂ ಇಬ್ಬರು ಅದಾರಲ್ಲ, ಏನಂತಾರ?”

“ಫರಾಜನ ಸಂದೇಶ ಬೆಳಿಗ್ಗಿ ಬಂದದ. ಇನ್ನೂ ಕೇಳಿಲ್ರಿ. ಅವರು ನೆಪ್ಚೂನ್ ದಾಟ್ಯಾರ. ಅಲ್ಲಿಂದ ಮಾತು ಮುಟ್ಟಾಕ ನಾಲ್ಕು ತಾಸು ಬೇಕು. ಅಲ್ಲೀತನಾ ಕೇಳಬಾರದು, ನಿಯಮ ಅದ.”

“ಎಷ್ಟು ದೂರ ಅದಾರ?”

ವಿನೀತ ತಗಡಿನ ಕಡೆ ನೋಡಿದ. ಕೈ ಚಾಚಿದರೆ ತಾಗುವಷ್ಟು ಹತ್ತಿರವಿತ್ತು. ಮೈಲಾರಿ ಬಾಯಿಗೆ ಕರವಸ್ತ್ರ ಒತ್ತಿಕೊಂಡ. ನಿರುಪಮಾಳಿಗೆ ನಗು ಬರಲಿಲ್ಲ, ಆ ಬಿಲ್ಲೆಗಳನ್ನು ಒಂದೊಂದಾಗಿ ಕಿತ್ತು ಅವನ ಕೈಗೇ ಕೊಡಬೇಕೆನಿಸಿತು. ಸಂದೇಶ ಹಾಕಿಸಿದಳು. ಫರಾಜನ ದನಿ ತೊದಲುತ್ತಿತ್ತು.

“ಇನ್ಸುಲಿನ್ ಮುಗದೈತ್ರಿ... ವಾಂತಿ ಆಗಾಕತ್ತೈತಿ. ಕ್ಯಾಪ್ಟನ್ ಸಾಹೇಬ್ರು ಬಾಗಲಾ ತಗೀವಲ್ಲರು.”

ಹುಸ್ನಾ ತಗಡನ್ನು ಎರಡೂ ಕೈಯಿಂದ ಗುದ್ದಿದಳು. ಒಳಗಿಂದ ಹುಡುಗಿಯೊಬ್ಬಳ ದನಿ ಬಂತು. ಮೂರನೆಯವಳು, ಋತುಜಾ.

“ಬಡೀಬ್ಯಾಡ್ರಿ! ಇದು ಪರೀಕ್ಷಾ ಅದ. ಹೊರಗ ಬಂದ್ರ ಫೇಲ್ ಆಗ್ತೇವಿ.”

“ಫರಾಜ ಹೆಂಗ ಅದಾನ?” ಎಂದು ನಿರುಪಮಾ ಕೇಳಿದಳು.

“ಮಲಗ್ಯಾನ್ರಿ. ಎಬ್ಬಿಸಿದ್ರ ಏಳವಲ್ಲ.”

108ಕ್ಕೆ ಕರೆ ಹೋಯಿತು. ಗ್ಯಾಸ್ ಕಟರ್ ತರಿಸೋಣವೆಂದು ಮೈಲಾರಿ ಹೇಳುತ್ತಿದ್ದಂತೆಯೇ ಒಳಗಿಂದ ಗಂಡು ದನಿಯೊಂದು ತಣ್ಣಗೆ ಹೇಳಿತು: “ಚಹಾ ಕಾಸೂ ಸಿಲಿಂಡರ್ ನನ್ನ ಕೈಯಾಗ ಅದ. ಬಾಗಲಾ ಮುಟ್ಟಿದ್ರ ವಾಲ್ವ್ ಬಿಚ್ಚತೇನಿ.” ಒಂದು ಕಿಡಿ ಹಾರಿದರೆ ಮೂವರೂ ಸುಟ್ಟು ಹೋಗುತ್ತಿದ್ದರು. ಕಟರಿನ ಮಾತು ಅಲ್ಲಿಗೇ ನಿಂತಿತು.

ನಿರುಪಮಾ ವಿನೀತನನ್ನು ಮೂಲೆಗೆ ಕರೆದಳು.

“ಏನು ಬೇಕಂತ ಅವಂಗ?”

“ಏನೂ ಕೇಳಿಲ್ರಿ. ಪ್ರಯಾಣ ಮುಂದುವರೀಬೇಕು ಅಷ್ಟ ಅಂತಾರ.”

“ಯಾರವ?”

“ಹೈಸ್ಕೂಲ್ ಹೆಡ್‌ಮಾಸ್ತರ್ ರಿ.”

“ಹೆಡ್‌ಮಾಸ್ತರ್ ಅಲ್ರಿ ಮೇಡಂ, ಪ್ರಭಾರಿ,” ಎಂದ ಮೈಲಾರಿ. “ನನ್ನ ಮಗಳ ಸಾಲಿ ಅದು. ಕುರ್ಚಿ ಖಾಲಿ ಬಿದ್ದಾಗೊಮ್ಮೆ ಇವರನ್ನ ಕೂಡಸ್ತಾರ. ಕಾಯಂ ಮನಷ್ಯಾ ಬಂದಕೂಡಲೇ ಚಾರ್ಜ್ ಕೊಟ್ಟು, ಕೈ ಮುಗದು, ಮತ್ತ ಕ್ಲಾಸಿಗೆ ಹೊಕ್ಕಾರ. ಈ ತಿಂಗಳು ರಿಟೈರ್ ಆಗ್ತಾರ.”

ಇಷ್ಟಕ್ಕಾ? ನಿರುಪಮಾಳಿಗೆ ಹೇಸಿಗೆಯೇ ಆಯಿತು. ಕುರ್ಚಿಯ ಆಸೆಗೆ ಗಂಡಸೊಬ್ಬ ತಗಡಿನ ಡಬ್ಬದಲ್ಲಿ ಕೂತು ಇನ್ನೊಬ್ಬನ ಜೀವ ತೆಗೆಯುತ್ತಿದ್ದಾನೆ. ಆದರೆ ಕಾಯಂ ಮನುಷ್ಯ ಬಂದಾಗ ಚಾರ್ಜ್ ಕೊಡುವವನ ಕೈಕಾಲು ತಾವಾಗಿಯೇ ಹೇಗೆ ಆಡುತ್ತವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಟೋಪಿ ಸರಿಮಾಡಿಕೊಂಡು ಟೇಬಲ್ಲಿನ ಮೇಲಿದ್ದ ಮೈಕಿನ ಮುಂದೆ ನಿಂತಳು.

“ರಮಾಕಾಂತ ಸರ್, ನಮಸ್ಕಾರ್ರಿ. ಚಾರ್ಜ್ ತಗೊಳ್ಳಾಕ ಬಂದೇನಿ.”

ಹುಸ್ನಾ ತಗಡಿಗೆ ಕಿವಿ ಹಚ್ಚಿದಳು.

“ಕಾಯಂ ಏನ್ರಿ?”

“ಕಾಯಂ.”

“ಮ್ಯಾಲಿನವರು ಕಳಿಸ್ಯಾರ?”

“ಹೌದ್ರಿ. ಲಗೂ ಕೊಡ್ರಿ.”

ಚಿಲಕ ಸರಿಯಿತು. ಬಾಗಿಲಲ್ಲಿ ರಮಾಕಾಂತ ನೆಟ್ಟಗೆ ನಿಂತಿದ್ದ. ತಲೆ ಬಾಚಿಕೊಂಡಿದ್ದ, ಅಂಗಿಯ ಗುಂಡಿ ಕೊರಳತನಕ ಹಾಕಿದ್ದ.

“ಇದು ಬಾಗಲದ ಕೀಲಿ. ಸಿಲಿಂಡರ್ ಒಂದು, ವಾಲ್ವ್ ಬಂದ್ ಅದ. ಸಿಬ್ಬಂದಿ ಇಬ್ಬರು. ಒಬ್ಬರಿಗೆ ಅರಾಮಿಲ್ಲ.”

“ಅರಾಮಿಲ್ಲಂತ ಗೊತ್ತಿತ್ತು?”

“ಗೊತ್ತಿತ್ರಿ.”

ಮೈಲಾರಿ ಅವನ ರಟ್ಟೆ ಹಿಡಿದು ಹೊರಗೆಳೆದ. ಫರಾಜನನ್ನು ಸ್ಟ್ರೆಚರಿನಲ್ಲಿ ಒಯ್ದರು. ಡಬ್ಬಿಯೊಂದಿಗೆ ಹುಸ್ನಾ ಆಂಬುಲೆನ್ಸ್ ಹತ್ತಿದಳು. ಋತುಜಾ ಹೊರಗೆ ಬಂದವಳೇ ನೆಲದ ಮೇಲೆ ಕೂತು ಅತ್ತಳು. ಸ್ಥಳ ಪಂಚನಾಮೆ ಮುಗಿಯುವ ಹೊತ್ತಿಗೆ ವಿನೀತ ಎರಡನೇ ಆರೋಪಿಯಾಗಿದ್ದ.

“ಸಂದೇಶ ನನಗ ಇನ್ನೂ ಮುಟ್ಟಿರಲೇ ಇಲ್ರಿ ಮೇಡಂ!”

“ಸಮನ್ಸ್ ಮಾತ್ರ ಲಗೂ ಮುಟ್ಟತಾವ. ಹತ್ರಿ ಜೀಪ್.”

ಫರಾಜನಿಗೆ ಎಚ್ಚರವಾಯಿತು, ಜೀವಕ್ಕೆ ಅಪಾಯವಿಲ್ಲ ಎಂದು ಸಂಜೆ ಆಸ್ಪತ್ರೆಯಿಂದ ಫೋನ್ ಬಂತು. ಆಮೇಲೆಯೇ ನಿರುಪಮಾ ರಮಾಕಾಂತನ ಹೇಳಿಕೆ ಪಡೆಯಲು ಕೂತಳು.

“ಯಾಕ ಮಾಡಿದ್ರಿ?”

“ಸಾಲ್ಯಾಗ ಪ್ರತೀ ಸಲ ಯಾರೋ ಬರ್ತಿದ್ರು, ಎದ್ದು ಕೊಡ್ತಿದ್ದೆ. ಭಾನುವಾರ ‘ಮುಗೀತು, ಹೊರಗ ಬರ್ರಿ’ ಅಂದ್ರು. ಆದ್ರ ಚಾರ್ಜ್ ತಗೊಳ್ಳಾಕ ಯಾರೂ ಬರಲಿಲ್ಲ. ಹಂಗಾದ್ರ ಈ ಕುರ್ಚಿ ನಂದ ಅಂದ್ಕೊಂಡೆ.” ಆಮೇಲೆ ಕೇಳಿದ: “ನೀವು ಕಾಯಂ ಅಂದ್ರಲ್ಲ, ಖರೇನ್ರಿ?”

“ಸುಳ್ಳು. ಈ ಠಾಣೇದಾಗ ನಂದೂ ಪ್ರಭಾರ. ಆದ್ರ ನಾ ಯಾರ ಜೀವಾನೂ ಕುರ್ಚಿ ಕಾಲಿಗೆ ಕಟ್ಟಿಲ್ಲ.”

ರಮಾಕಾಂತ, ಮೈಲಾರಿ ಸರಿಸಿದ ಹಾಳೆಯ ಮೇಲೆ ಸಹಿ ಮಾಡಿ, ರೂಢಿಬಲದಿಂದ ಅದರ ಕೆಳಗೆ ದುಂಡಗೆ ‘ಪ್ರಭಾರಿ’ ಎಂದೂ ಬರೆದ. ಮೈಲಾರಿ ಅದನ್ನು ಹೊಡೆದು ಹಾಕಲು ಪೆನ್ನು ತೆಗೆದ.

“ಇರ್ಲಿ ಬಿಡ್ರಿ,” ಎಂದಳು ನಿರುಪಮಾ.