ಕೋಟು ಬಿಚ್ಚಿ ಮಾಡಿದ ಸಿಂಹ

"ಅಲ್ಲಾಡ್ಬೇಡ ಅಂತ ಎಷ್ಟು ಸಲ ಹೇಳ್ಬೇಕೋ ನಿಂಗೆ?"

ಯುದೆಲ್ಕಾಳ ತುಟಿಗಳ ನಡುವೆ ಗುಂಡುಪಿನ್ನುಗಳಿದ್ದವು. ಹಾಗಾಗಿ ಬೈಗುಳವೆಲ್ಲ ಹಲ್ಲಿನ ಸಂದಿಯಿಂದಲೇ ಹೊರಗೆ ಬರಬೇಕಾಗಿತ್ತು.

"ನಾನು ಅಲ್ಲಾಡ್ತಿಲ್ಲ ಅಕ್ಕ, ಸಿಂಹ ಅಲ್ಲಾಡ್ತಿದೆ," ಎಂದ ವಾಂದೆಲ್. ಅವನು ಬೋರಲು ಹಾಕಿದ ಬಕೆಟ್ಟಿನ ಮೇಲೆ ನಿಂತಿದ್ದ. ಕುತ್ತಿಗೆಯ ಸುತ್ತ ದಟ್ಟವಾದ ಕಂದು ಜೂಲು. ತಲೆಯ ಮೇಲೆ ಎರಡು ಕಿವಿ. ಹಿಂದೆ ಬಾಲ.

"ಸಿಂಹಕ್ಕೆ ಹೇಳು, ಸುಮ್ನೆ ನಿಲ್ಲದಿದ್ರೆ ಪಿನ್ನು ಚುಚ್ಚುತ್ತೆ ಅಂತ."

"ಅಕ್ಕ, ಬಾಲ ಇನ್ನೂ ಉದ್ದ ಬೇಕು."

"ಮೊನ್ನೆ ಕಪ್ಪೆ ಆಗ್ತೀನಿ ಅಂದೆ. ಹಸಿರು ರೇನ್‌ಕೋಟ್ ಕತ್ತರಿಸಿ ಕಪ್ಪೆ ಮಾಡ್ಕೊಟ್ಟೆ. ಆಮೇಲೆ ಕಪ್ಪೆ ಬೇಡ, ಸಿಂಹ ಅಂದೆ. ಈಗ ಬಾಲ ಉದ್ದ ಬೇಕು ಅಂತೀಯ. ನಾನೇನು ನಿನ್ನ ಟೈಲರಾ?"

"ಹೂಂ," ಎಂದ ವಾಂದೆಲ್.

ಬೊನಾವ್ ಊರಲ್ಲಿ ಫೆಬ್ರವರಿ ಬಂತೆಂದರೆ ಪ್ರತಿ ಭಾನುವಾರ ಕೋಡಿನ ದೆವ್ವಗಳ ವೇಷ ಹಾಕಿದವರು ಬೀದಿ ತುಂಬ ಕುಣಿಯುತ್ತಾರೆ. ಶಾಲೆಯಲ್ಲೂ ಒಂದು ಕಾರ್ನಿವಲ್ ಮೆರವಣಿಗೆ ಇರುತ್ತದೆ. ಅದು ನಾಳೆ ಬೆಳಿಗ್ಗೆ. ಒಂದನೇ ಕ್ಲಾಸಿನವರೆಲ್ಲ ಪ್ರಾಣಿಗಳು. ಐದನೇ ಕ್ಲಾಸಿನ ಹುಡುಗಿಯರು ತಮಗೆ ಬೇಕಾದದ್ದು ಆಗಬಹುದು. ಯುದೆಲ್ಕಾ ಸಮುದ್ರದ ರಾಣಿ.

ರಾಣಿಯ ಸರ ಆಗಲೇ ತಯಾರಾಗಿ ಮೊಳೆಗೆ ನೇತಾಡುತ್ತಿತ್ತು. ಹರಿದ ಮುತ್ತಿನ ಸರಗಳು, ಜಿಪ್ಪಿನ ಹಲ್ಲುಗಳು, ಒಂಟಿ ಓಲೆಗಳು, ನಡುನಡುವೆ ದೊಡ್ಡ ಹಿತ್ತಾಳೆ ಗುಂಡಿಗಳು. ಒಂದೊಂದು ಗುಂಡಿಯ ಮೇಲೂ ಹಡಗಿನ ಲಂಗರಿನ ಚಿತ್ರ. ಅವಳು ಈವರೆಗೆ ಮಾಡಿದ ಸರಗಳಲ್ಲೆಲ್ಲ ಇದೇ ಚೆಂದದ್ದು.

ಅವಳ ಅಮ್ಮ ಮಿರ್ಕೆಯಾ ಮನೆಯ ಮುಂದಿನ ಕೋಣೆಯಲ್ಲೇ ಹಳೇ ಬಟ್ಟೆ ಮಾರುತ್ತಿದ್ದಳು. ಬಟ್ಟೆ ಬರುವುದು ದೂರದ ಚಳಿ ಊರುಗಳಿಂದ, ಹಡಗಿನಲ್ಲಿ, ಬಿಗಿದು ಕಟ್ಟಿದ ಮೂಟೆಗಳಾಗಿ. ಒಂದೊಂದು ಮೂಟೆ ಬಿಚ್ಚಿದಾಗಲೂ ಯಾರಿಗೂ ಬೇಡವಾದ ಒಂದು ಗುಡ್ಡೆ ಉಳಿಯುತ್ತಿತ್ತು. ಟೈಗಳು, ಕೈಗವಸುಗಳು, ಹರಿದ ಪಾರ್ಟಿ ಫ್ರಾಕುಗಳು, ದಪ್ಪ ಕೋಟುಗಳು. ಆ ಗುಡ್ಡೆ ಯುದೆಲ್ಕಾಳದ್ದು. ಅದರಿಂದ ಅವಳು ಓಲೆ, ಬಳೆ, ಕಿರೀಟ ಎಲ್ಲ ಮಾಡುತ್ತಿದ್ದಳು. ಅವಳ ಕ್ಲಾಸಿನಲ್ಲಿ ಅರ್ಧ ಹುಡುಗಿಯರ ಕಿವಿಯಲ್ಲಿ ಅವಳು ಮಾಡಿದ ಓಲೆಗಳೇ.

ಅಮ್ಮ ಪರದೆ ಸರಿಸಿ ಒಳಗೆ ಬಂದಳು.

"ಬಾಗಿಲ ಹಿಂದೆ ನೀಲಿ ಕೋಟಿತ್ತಲ್ಲ, ನೋಡಿದ್ಯಾ?"

ಯುದೆಲ್ಕಾಳ ಕೈ ನಿಂತಿತು. ಪಿನ್ನುಗಳನ್ನು ಬಾಯಿಂದ ತೆಗೆದಳು. "ಯಾವ ಕೋಟು?"

"ನಮ್ಮನೇಲಿ ಎಷ್ಟು ನೀಲಿ ಕೋಟಿದೆ? ಉಣ್ಣೇದು. ಕಾಲರಿಗೆ ಕಂದು ತುಪ್ಪಳ ಇತ್ತು. ಹಳದಿ ರಿಬ್ಬನ್ ಕಟ್ಟಿಟ್ಟಿದ್ದೆ."

ವಾಂದೆಲ್ ಬಕೆಟ್ಟಿನ ಮೇಲೆಯೇ ತಿರುಗಿ ಬೆನ್ನು ತೋರಿಸಿದ. ಬಾಲದ ತುದಿಯಲ್ಲಿ ಹಳದಿ ರಿಬ್ಬನ್ ಹೂವಿನ ಹಾಗೆ ಕಟ್ಟಿತ್ತು.

"ಇದಾ ಅಮ್ಮ?"

ಅಮ್ಮ ರಿಬ್ಬನ್ ನೋಡಿದಳು. ಜೂಲು ನೋಡಿದಳು. ಕಿವಿ ನೋಡಿದಳು. ಮೊಳೆಗೆ ನೇತಾಡುತ್ತಿದ್ದ ಸರ ನೋಡಿದಳು. ಆಮೇಲೆ ಪಕ್ಕದ ಮೂಟೆಯ ಮೇಲೆ ಮೆಲ್ಲಗೆ ಕುಳಿತಳು. ಅವಳು ಕೂಗಾಡಿದ್ದರೇ ಚೆನ್ನಾಗಿತ್ತು ಅನ್ನಿಸಿತು ಯುದೆಲ್ಕಾಳಿಗೆ.

"ಹಳದಿ ರಿಬ್ಬನ್ ಕಟ್ಟಿದ್ರೆ ಏನರ್ಥ?"

"ಯಾರಿಗೋ ಎತ್ತಿಟ್ಟಿರೋದು ಅಂತ."

"ಗೊತ್ತಿತ್ತಲ್ಲ ನಿಂಗೆ?"

"ಗೊತ್ತಿತ್ತು. ಆದ್ರೆ ಕೋಟನ್ನ ಯಾರಮ್ಮ ಎತ್ತಿಡಿ ಅಂತಾರೆ? ಈ ಊರಲ್ಲಿ ಕೋಟು ಹಾಕ್ಕೊಂಡ್ರೆ ಬೆಂದೇ ಹೋಗ್ತಾರೆ. ಬೇರೆ ಬಟ್ಟೆ ರಿಬ್ಬನ್ನು ಬಿದ್ದು ಇದಕ್ಕೆ ಸಿಕ್ಕಾಕೊಂಡಿದೆ ಅಂದ್ಕೊಂಡೆ."

"ತಾನಾಗೇ ಬಿದ್ದು, ತಾನಾಗೇ ಗಂಟು ಹಾಕ್ಕೊಂಡಿತ್ತಾ?"

ಯುದೆಲ್ಕಾ ಪಿನ್ನುಗಳನ್ನು ಡಬ್ಬಿಗೆ ಹಾಕಿದಳು.

"ಎರ್ಸಿಲಿಯಾ ಅಜ್ಜಿಗೆ ಕಣೇ ಅದು," ಎಂದಳು ಅಮ್ಮ.

ಎರ್ಸಿಲಿಯಾ ಅಜ್ಜಿ ಬೀದಿಯ ತುದಿಯಲ್ಲಿ ಬಾಣಲೆ ಇಟ್ಟುಕೊಂಡು ರೊಟ್ಟಿ ಕರಿದು ಮಾರುವವಳು. ಅವಳ ದನಿ ಈ ತುದಿಗೂ ಕೇಳುತ್ತಿತ್ತು. ಯುದೆಲ್ಕಾಳನ್ನು ಅವಳು ಹೆಸರು ಹಿಡಿದು ಕರೆದದ್ದೇ ಇಲ್ಲ. "ಏ ಕತ್ತರಿ" ಅನ್ನುವಳು. ಅವಳ ಮಗಳು ಇರುವುದು ಹಿಮ ಬೀಳುವ ಊರಲ್ಲಿ. ಅಲ್ಲಿ ಮೊಮ್ಮಗು ಹುಟ್ಟಿ ಈಗ ನಡೆಯುವಷ್ಟಾಗಿತ್ತು. ಅಜ್ಜಿ ವೀಸಾ ಕೇಳಿದಾಗಲೆಲ್ಲ ಇಲ್ಲ ಅಂದಿದ್ದರು. ಈ ಸಲ ಹೂಂ ಅಂದಿದ್ದಾರೆ. ಶನಿವಾರ ಬೆಳಿಗ್ಗೆ ವಿಮಾನ. ಅಜ್ಜಿಯ ಅಗಲಕ್ಕೆ ಹೊಂದುವ ಕೋಟಿಗಾಗಿ ಅಮ್ಮ ಎಷ್ಟೋ ಮೂಟೆ ಹುಡುಕಿದ್ದಳು.

"ನಾನೇನು ಬೇಕು ಅಂತ ಮಾಡಿದ್ನಾ?"

"ಬೇಕು ಅಂತ ಮಾಡಿದ್ರೆ ಬೈದು ಸುಮ್ನಾಗ್ತಿದ್ದೆ. ಈಗ ಕೂತು ಸರಿ ಮಾಡು. ನಾಳೆ ಸಂಜೆ ಬಂದು ತಗೊಂಡು ಹೋಗ್ತಾರೆ."

"ನಾಳೆ ಬೆಳಿಗ್ಗೆ ಮೆರವಣಿಗೆ ಇದೆ ಅಮ್ಮ."

"ಇದೆ," ಎಂದು ಅಮ್ಮ ಪರದೆ ಸರಿಸಿ ಹೊರಟುಹೋದಳು.

ಮೊದಲ ಕೆಲಸ ಸಿಂಹದಿಂದ ಜೂಲು ಕಿತ್ತುಕೊಳ್ಳುವುದು. ಸಿಂಹ ಮಂಚದ ಕೆಳಗೆ ನುಗ್ಗಿತು.

"ಬಾರೋ ಆಚೆ."

"ಬರಲ್ಲ. ನನ್ನ ಕೂದ್ಲು ಇದು."

"ಅದು ಅಜ್ಜಿ ಕಾಲರು."

"ಅಜ್ಜಿಗೆ ಕಪ್ಪೆ ಕೊಡು."

ಯುದೆಲ್ಕಾ ಬಾಲ ಹಿಡಿದೆಳೆದಳು. ಬಾಲ ಕೈಗೆ ಬಂತು, ತಮ್ಮ ಬರಲಿಲ್ಲ. ಕೊನೆಗೆ ಇದಕ್ಕಿಂತ ದೊಡ್ಡ ಜೂಲು ಮಾಡಿಕೊಡುತ್ತೇನೆಂದು ಮಾತು ಕೊಡಬೇಕಾಯಿತು. ಯಾವುದರಿಂದ ಅಂತ ಅವಳಿಗೇ ಗೊತ್ತಿರಲಿಲ್ಲ.

ಕಾಲರಿನ ಎರಡೂ ತುದಿ ಕತ್ತರಿಸಿ ಕಿವಿ ಮಾಡಿದ್ದಳು. ಈಗ ಆ ಕಿವಿಗಳನ್ನು ಮತ್ತೆ ಕಾಲರಿಗೆ ಸೇರಿಸಬೇಕು. ತುಪ್ಪಳದ ಕೂದಲು ಹೊಲಿಗೆಯ ಒಳಗೆ ಸಿಕ್ಕಿಕೊಳ್ಳುತ್ತಿತ್ತು. ಒಂದೊಂದೇ ಕೂದಲನ್ನು ಸೂಜಿಯಿಂದ ಎತ್ತಿ ಹೊರಗೆ ಹಾಕಬೇಕು. ಬೆರಳು ಬೆವರಿ ಸೂಜಿ ಜಾರುತ್ತಿತ್ತು. ಎದುರಿನ ಚಪ್ಪಲಿ ಅಂಗಡಿಯವನು ರೇಡಿಯೋ ಜೋರಾಗಿ ಹಾಕಿದ್ದ. ಎಲ್ಲರ ಮೇಲೂ ಅವಳಿಗೆ ಸಿಟ್ಟು ಬಂತು. ರೇಡಿಯೋ ಮೇಲೆ, ತಮ್ಮನ ಮೇಲೆ, ಉಣ್ಣೆಯ ಮೇಲೆ, ಹಿಮದ ಮೇಲೆ.

ಆಮೇಲೆ ಕೋಟಿನ ಗುಂಡಿಗಳಿದ್ದ ಸರ. ಮೊಳೆಯಿಂದ ಇಳಿಸಿ, ಕಣ್ಣು ಅರ್ಧ ಮುಚ್ಚಿಕೊಂಡು ದಾರ ಕತ್ತರಿಸಿದಳು. ಮುತ್ತುಗಳು ಡಬ್ಬಿಗೆ ಬಿದ್ದವು. ಲಂಗರಿನ ಗುಂಡಿಗಳನ್ನು ಕೋಟಿನ ಮೇಲೆ ಸಾಲಾಗಿ ಇಟ್ಟಳು. ಕೋಟಿನಲ್ಲಿ ಆರು ಕಾಜಾ ಇತ್ತು. ಗುಂಡಿ ಐದೇ.

"ವಾಂದೆಲ್."

ತಮ್ಮ ಬಾಗಿಲ ಕಡೆ ಸರಿದ.

"ವಾಂದೆಲ್, ಇಲ್ಲಿದ್ದ ಗುಂಡಿ ಎಲ್ಲೋ?"

"ಎಲ್ವಿನ್‌ಗೆ ಕೊಟ್ಟೆ."

"ಯಾಕೆ ಕೊಟ್ಟೆ?"

"ಅವ್ನು ಹಲ್ಲಿ ಕೊಟ್ಟ."

"ಎಲ್ಲಿ ಹಲ್ಲಿ?"

"ಓಡೋಯ್ತು."

ಯುದೆಲ್ಕಾ ಅವನ ಕೈ ಹಿಡಿದು ದರದರ ಎಳೆದುಕೊಂಡು ಹಿಂದಿನ ಬೀದಿಯ ಎಲ್ವಿನ್ ಮನೆಗೆ ಹೋದಳು. ಎಲ್ವಿನ್ ಮೆಟ್ಟಿಲ ಮೇಲೆ ಕುಳಿತು ಕರಿದ ಬಾಳೆಕಾಯಿ ತಿನ್ನುತ್ತಿದ್ದ.

"ಗುಂಡಿ ಕೊಡೋ."

"ಹಲ್ಲಿ ವಾಪಸ್ ಕೊಡಿ."

"ಹಲ್ಲಿ ಓಡೋಯ್ತು."

"ಗುಂಡೀನೂ ಓಡೋಯ್ತು," ಎಂದ ಎಲ್ವಿನ್. ಅದನ್ನು ಬುಗುರಿಯ ಹಾಗೆ ತಿರುಗಿಸುತ್ತಿದ್ದನಂತೆ. ಉರುಳಿಕೊಂಡು ಚರಂಡಿಗೆ ಬಿತ್ತಂತೆ. ಎಣ್ಣೆ ಹತ್ತಿದ ಬೆರಳಿನಿಂದ ಜಾಗವನ್ನೂ ತೋರಿಸಿದ. ಚರಂಡಿಯ ಮೇಲೆ ಸಿಮೆಂಟಿನ ಚಪ್ಪಡಿ. ಅದರ ಸಂದಿಯಲ್ಲಿ ಕಪ್ಪು ನೀರು. ಯುದೆಲ್ಕಾ ಕಡ್ಡಿ ಹಾಕಿ ಕೆದಕಿದಳು. ಒಂದು ಚಮಚ ಸಿಕ್ಕಿತು.

"ಚಮಚ ನಂಗೆ ಬೇಕು," ಎಂದ ವಾಂದೆಲ್.

ಮನೆಗೆ ಬಂದು ಗುಂಡಿಗಳ ಡಬ್ಬಿಯನ್ನೆಲ್ಲ ಚಾಪೆಯ ಮೇಲೆ ಸುರಿದಳು. ಲಂಗರಿನದ್ದು ಇನ್ನೊಂದಿಲ್ಲ. ಅದೇ ಬಣ್ಣದ ಸಾದಾ ಗುಂಡಿ ಒಂದಿತ್ತು, ಆದರೆ ಸಣ್ಣದು. ಕಾಜಾಕ್ಕೆ ಹಾಕಿದರೆ ಪುಳಕ್ಕನೆ ಹೊರಗೆ ಬರುತ್ತಿತ್ತು. ಅದನ್ನು ಎಲ್ಲಿ ಹೊಲಿಯುವುದು? ನಡುವೆ ಹಾಕಿದರೆ ಕೋಟು ಬಾಯಿ ಬಿಡುತ್ತದೆ. ಎಲ್ಲಕ್ಕಿಂತ ಮೇಲೆ, ಕುತ್ತಿಗೆಯ ಹತ್ತಿರ ಹಾಕಿದರಾಯಿತು. ಅಲ್ಲಿಯವರೆಗೆ ಯಾರು ತಾನೇ ಗುಂಡಿ ಹಾಕಿಕೊಳ್ಳುತ್ತಾರೆ? ಶಾಲೆಯ ಹೆಡ್‌ಮಾಸ್ತರೇ ಹಾಕಿಕೊಳ್ಳುವುದಿಲ್ಲ. ಸಣ್ಣ ಗುಂಡಿಯನ್ನು ಮೇಲೆ ಹೊಲಿದಳು. ದೂರದಿಂದ ನೋಡಿದರೆ ಗೊತ್ತೇ ಆಗುತ್ತಿರಲಿಲ್ಲ.

ಅಷ್ಟರಲ್ಲಿ ಊಟದ ಹೊತ್ತಾಗಿತ್ತು. ಸಿಂಹದ ಜೂಲು ಇನ್ನೂ ಬಾಕಿ. ಗುಡ್ಡೆಯಲ್ಲಿ ಕಂದು ಬಣ್ಣದ್ದು ಅಂತ ಉಳಿದದ್ದು ಟೈಗಳು ಮಾತ್ರ. ಅವನ್ನೇ ಒಂದರ ಪಕ್ಕ ಒಂದರಂತೆ ಉದ್ದ ಪಟ್ಟಿಗೆ ಹೊಲಿದು ತಮ್ಮನ ಕುತ್ತಿಗೆಗೆ ಕಟ್ಟಿದಳು.

ವಾಂದೆಲ್ ಕನ್ನಡಿ ನೋಡಿದ. "ಸಿಂಹ ಟೈ ಹಾಕ್ಕೊಳಲ್ಲ."

"ಈ ಸಿಂಹ ಹಾಕ್ಕೊಳತ್ತೆ."

"ಎಲ್ರೂ ನಗ್ತಾರೆ."

"ನಗ್ಲಿ ಬಿಡು. ನಂಗೆ ಸಾಕಾಗಿದೆ."

ಮರುದಿನ ಎಲ್ಲರೂ ನಕ್ಕರು. ಮೆರವಣಿಗೆ ಚರ್ಚಿನ ಹತ್ತಿರ ಬರುವಷ್ಟರಲ್ಲಿ ಯಾರೋ "ಮ್ಯಾನೇಜರ್ ಸಿಂಹ ಬಂತು, ಎದ್ದು ನಿಲ್ಲಿ" ಅಂದರು. ವಾಂದೆಲ್ ಮೊದಲು ಮುಖ ಉಬ್ಬಿಸಿದ. ಆಮೇಲೆ ಕಂಡವರ ಹತ್ತಿರ ಹೋಗಿ "ರಜಾ ಇಲ್ಲ, ಯಾರಿಗೂ ರಜಾ ಇಲ್ಲ" ಎಂದು ಗರ್ಜಿಸತೊಡಗಿದ. ಯುದೆಲ್ಕಾ ಬರಿಯ ಮುತ್ತಿನ ಸಣ್ಣ ಸರ ಹಾಕಿಕೊಂಡು ಐದನೇ ಕ್ಲಾಸಿನ ಸಾಲಿನಲ್ಲಿ ನಡೆದಳು. "ನೀನು ಏನಾಗಿದ್ದೀಯೇ?" ಎಂದು ಗೆಳತಿಯರು ಕೇಳುತ್ತಲೇ ಇದ್ದರು. ಸಮುದ್ರದ ರಾಣಿ ಅಂತ ಹೇಳಿ ಹೇಳಿ ಸಾಕಾಗಿ, ಕೊನೆಗೆ "ಏನೂ ಇಲ್ಲ" ಅಂದಳು.

ಸಂಜೆ ಎರ್ಸಿಲಿಯಾ ಅಜ್ಜಿ ಬಂದಳು. ಅವಳಿಗಿಂತ ಮೊದಲು ಅವಳ ದನಿ ಬಂತು.

"ಏ ಕತ್ತರಿ, ನನ್ನ ಕೋಟಲ್ಲಿ ಏನಾದ್ರೂ ಉಳಿಸಿದ್ಯೋ, ಎಲ್ಲಾ ಓಲೆ ಮಾಡ್ಬಿಟ್ಯೋ?"

ಅಜ್ಜಿ ಹೇಳಿದ್ದು ತಮಾಷೆಗೆ. ಯುದೆಲ್ಕಾ ಅಮ್ಮನ ಮುಖ ನೋಡಿದಳು. ಅಮ್ಮ ಬಟ್ಟೆ ಮಡಚುತ್ತಲೇ ಇದ್ದಳು.

"ಓಲೆ ಅಲ್ಲ, ಸಿಂಹ ಮಾಡಿದ್ದೆ," ಎಂದಳು ಯುದೆಲ್ಕಾ. "ಕಾಲರು ಕತ್ತರಿಸಿದ್ದೆ ಅಜ್ಜಿ. ಮತ್ತೆ ಹೊಲಿದಿದ್ದೀನಿ. ಒಂದು ಗುಂಡಿ ಕಳೆದುಹೋಯ್ತು."

ಅಜ್ಜಿ ಕೋಟು ತೆಗೆದುಕೊಂಡು ಕಾಲರನ್ನು ಕಣ್ಣಿನ ಹತ್ತಿರ ಹಿಡಿದಳು. ತುಪ್ಪಳವನ್ನು ಆ ಕಡೆ ಈ ಕಡೆ ಸವರಿ ಹೊಲಿಗೆ ಹುಡುಕಿದಳು. ಈಗ ಬೀದಿಗೆಲ್ಲ ಕೇಳುವ ಹಾಗೆ ಬೈಗುಳ ಬರುತ್ತದೆ ಎಂದು ಯುದೆಲ್ಕಾ ಭುಜ ಬಿಗಿ ಹಿಡಿದು ಕಾದಳು. ಆದರೆ ಅಜ್ಜಿ ಕೋಟು ಹಾಕಿಕೊಂಡಳು.

ತಗಡಿನ ಸೂರು ಇನ್ನೂ ಕಾದಿತ್ತು. ಅಜ್ಜಿಯ ಹಣೆಯಲ್ಲಿ ಆಗಲೇ ಬೆವರು ಮೂಡಿತು. ಅವಳು ಕೆಳಗಿನಿಂದ ಒಂದೊಂದೇ ಗುಂಡಿ ಹಾಕುತ್ತ ಬಂದಳು.

"ಎರ್ಸಿಲಿಯಮ್ಮ, ಸರಿಯಾಗಿದ್ಯಲ್ಲ, ತೆಗೀರಿ. ಬೆಂದು ಹೋಗ್ತೀರಿ," ಎಂದಳು ಅಮ್ಮ.

"ಇರ್ಲಿ."

ಮೇಲಿನ ಗುಂಡಿ ಹಾಕಿದಳು. ಅದು ಜಾರಿ ಹೊರಗೆ ಬಂತು. ಮತ್ತೆ ಹಾಕಿದಳು. ಮತ್ತೆ ಬಂತು.

"ಇದು ನಿಲ್ಲಲ್ವಾ?" ಎಂದಳು ಅಜ್ಜಿ. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ಯುದೆಲ್ಕಾ ಕೇಳಿಯೇ ಇರಲಿಲ್ಲ.

ಅಲ್ಲಿಯವರೆಗೆ ಯಾರೂ ಹಾಕಿಕೊಳ್ಳುವುದಿಲ್ಲ ಅಜ್ಜಿ ಎಂದು ಹೇಳಲು ಯುದೆಲ್ಕಾ ಬಾಯಿ ತೆರೆದಳು. ಅಜ್ಜಿ ಕಾಲರಿನ ಎರಡು ತುದಿಗಳನ್ನು ಕೈಯಿಂದಲೇ ಸೇರಿಸಿ ಗಂಟಲಿನ ಹತ್ತಿರ ಬಿಗಿಯಾಗಿ ಹಿಡಿದುಕೊಂಡಿದ್ದಳು. ಬಿಸಿ ಎಣ್ಣೆ ಸಿಡಿದು ಸಿಡಿದು ಆ ಕೈಯ ತುಂಬ ಕಲೆ.

"ಏರ್‌ಪೋರ್ಟಿಂದ ಆಚೆ ಬಂದ ತಕ್ಷಣ ಗಾಳಿ ಕಚ್ಚುತ್ತಂತೆ," ಎಂದಳು ಅಜ್ಜಿ. "ಕುತ್ತಿಗೆ ಮುಚ್ಕೋ, ಬಾಯಿ ಮುಚ್ಕೋ ಅಂತ ಮಗಳು ಫೋನಲ್ಲಿ ಹೇಳಿದಾಳೆ. ನಾನು ಬಾಯಿ ಮುಚ್ಕೊಂಡು ಎಲ್ಲಿಗೆ ಹೋಗಿದ್ದೀನಿ, ಹೇಳು."

ಅಮ್ಮ ನಕ್ಕಳು. ಅಜ್ಜಿಯೂ ನಗುತ್ತಾಳೆ ಎಂದು ಯುದೆಲ್ಕಾ ಕಾದಳು. ತನ್ನ ತಮಾಷೆಗೆ ಯಾವಾಗಲೂ ಮೊದಲು ನಗುವವಳು ಅವಳೇ. ಆದರೆ ಅಜ್ಜಿ ಬಾಗಿಲಾಚೆ ಬೀದಿಯನ್ನು ನೋಡುತ್ತ, ಕಾಲರನ್ನು ಹಾಗೇ ಹಿಡಿದುಕೊಂಡು ನಿಂತಿದ್ದಳು.

ಯುದೆಲ್ಕಾ ಸೂಜಿಗೆ ದಾರ ಪೋಣಿಸಿದಳು.

"ಅಜ್ಜಿ, ಕೂತ್ಕೊಳ್ಳಿ. ತೆಗೀಬೇಡಿ, ಹಾಗೇ ಕೂತ್ಕೊಳ್ಳಿ."

ಅಜ್ಜಿ ಮೂಟೆಯ ಮೇಲೆ ಕುಳಿತಳು. ಯುದೆಲ್ಕಾ ಎಲ್ಲಕ್ಕಿಂತ ಕೆಳಗಿದ್ದ ಲಂಗರಿನ ಗುಂಡಿಯ ಹೊಲಿಗೆ ಬಿಚ್ಚಿ ತೆಗೆದಳು. ಮೇಲಿನ ಸಣ್ಣ ಗುಂಡಿಯನ್ನೂ ಬಿಚ್ಚಿ, ಅದರ ಜಾಗದಲ್ಲಿ ಹೊಲಿದಳು. ಆಮೇಲೆ ಮಂಡಿಯೂರಿ, ಅಜ್ಜಿಯ ಗದ್ದದ ಕೆಳಗೆ ಕೈ ತೂರಿಸಿ, ದೊಡ್ಡ ಗುಂಡಿಯನ್ನು ಅಲ್ಲಿಟ್ಟು ಹೊಲಿಯತೊಡಗಿದಳು.

"ಚುಚ್ಚೀಯ," ಎಂದಳು ಅಜ್ಜಿ.

"ಚುಚ್ಚಲ್ಲ."

ಅಜ್ಜಿ ಅಲ್ಲಾಡದೆ ಕುಳಿತಳು. ಅವಳು ಎಂಜಲು ನುಂಗಿದ್ದು ಯುದೆಲ್ಕಾಳ ಬೆರಳಿಗೆ ತಿಳಿಯಿತು. ಸ್ವಲ್ಪ ಹೊತ್ತಿನಲ್ಲೇ ಮತ್ತೊಮ್ಮೆ ನುಂಗಿದಳು.

ಯುದೆಲ್ಕಾ ದಾರ ಕತ್ತರಿಸಲು ಹೋದವಳು ಕತ್ತರಿಸಲಿಲ್ಲ. ಗುಂಡಿಯನ್ನು ಒಮ್ಮೆ ಎಳೆದು ನೋಡಿ, ಇನ್ನೂ ಒಂದು ಸುತ್ತು ಹೊಲಿದಳು.