ಕಪಾಟಿನ ಹಿಂದಿನ ಗೋಡೆ

"ಇನ್ನೂ ಸ್ವಲ್ಪ ಎಡಕ್ಕೆ! ಎಡಕ್ಕೆ ಅಂದ್ನಲ್ಲಾ... ಹಾಂ, ಸಾಕು. ಈಗ ನೋಡಿ, ರೂಮಿಗೇ ಒಂದು ಕಳೆ ಬಂತು!"

ಮನೆ ಮಾರಿಸಿಕೊಡುವ ಏಜೆಂಟು ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದ. ಅಜ್ಜಿಯ ದೊಡ್ಡ ಮರದ ಕಪಾಟು ಮೂಲೆ ಬಿಟ್ಟು ಗೋಡೆಯ ಮಧ್ಯಕ್ಕೆ ಬಂದು ನಿಂತಿತ್ತು. ಅದನ್ನು ತಳ್ಳಿ ತಳ್ಳಿ ಸುಸ್ತಾದ ಅಪ್ಪ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತಿದ್ದ.

ಆಗಷ್ಟೇ ಶಾಲೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದ ಪಟಾಕಿಗೆ ಮೈಯೆಲ್ಲ ಉರಿಯಿತು. ಬೀದಿಯವರು ಅವಳಿಗೆ ಆ ಹೆಸರನ್ನು ಸುಮ್ಮನೆ ಇಟ್ಟಿರಲಿಲ್ಲ.

"ಅಪ್ಪಾ, ಅಲ್ಲೇ ಬಿರುಕು ಇರೋದು! ಅದಕ್ಕೇ ಅಡ್ಡ ಇಟ್ಟಿದೀಯಲ್ಲ!"

"ಬಿರುಕು ಅನ್ನಬಾರದಮ್ಮಾ," ಎಂದ ಏಜೆಂಟು ಹಲ್ಲು ಬಿಟ್ಟು. "ಹಳೇ ಮನೆಗೆ ಅದು ಕ್ಯಾರೆಕ್ಟರು."

"ಹಾಗಿದ್ರೆ ಕ್ಯಾರೆಕ್ಟರನ್ನ ಯಾಕೆ ಮುಚ್ತಿದೀರಾ?"

ಏಜೆಂಟು ಅಪ್ಪನ ಮುಖ ನೋಡಿದ. ಅಪ್ಪ ನೆಲ ನೋಡಿದ.

ಅದು ಹಳೆಯ ಪೇಟೆಯ ಹಳೆಯ ಮನೆ. ಅಗಲ ಕಡಿಮೆ, ಎತ್ತರ ಜಾಸ್ತಿ. ಒಂದು ಕೋಣೆಯ ತಲೆಯ ಮೇಲೆ ಇನ್ನೊಂದು ಕೋಣೆ, ಅದರ ಮೇಲೆ ಮತ್ತೊಂದು. ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂತ ಮಕ್ಕಳ ಹಾಗೆ ಬೀದಿಯ ಮನೆಗಳೆಲ್ಲ ಅಂಟಿಕೊಂಡಿದ್ದವು. ಎರಡು ಮನೆಗಳ ನಡುವೆ ಒಂದೇ ಗೋಡೆ. ಆಚೆ ಟೈಲರ್ ಆಂಟಿ ಮೆಷಿನ್ ತುಳಿದರೆ ಈಚೆ ಪಟಾಕಿಯ ಪೆನ್ಸಿಲ್ ಬಾಕ್ಸು ಗುರುಗುಟ್ಟುತ್ತಿತ್ತು.

ಹೋದ ವರ್ಷ ಹಿತ್ತಲಿನಾಚೆ ದೊಡ್ಡ ಕಾಂಪ್ಲೆಕ್ಸ್ ಕಟ್ಟಲು ಆಳವಾದ ಗುಂಡಿ ತೋಡಿದರು. ಆಮೇಲೆ ಈ ಕೋಣೆಯಲ್ಲಿ, ಟೈಲರ್ ಆಂಟಿಯ ಮನೆ ಕಡೆಯ ಗೋಡೆಯ ನಡುವೆ ಒಂದು ಬಿರುಕು ಓರೆಯಾಗಿ ಇಳಿಯಿತು. ಅಪ್ಪನಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಅವನು ತೆಳ್ಳನೆಯ ಗಾಜಿನ ಪಟ್ಟಿಗಳನ್ನು ತಂದು, ಬಿರುಕಿಗೆ ಅಡ್ಡವಾಗಿ ಎರಡೂ ತುದಿ ಗೋಡೆಗೆ ಅಂಟಿಸಿದ.

"ಬಿರುಕು ಕೂದಲೆಳೆಯಷ್ಟು ಅಗಲ ಆದ್ರೂ ಗಾಜು ಪಟ್ ಅಂತ ಒಡೆಯುತ್ತೆ," ಎಂದಿದ್ದ. "ನಮ್ಮ ಕಣ್ಣಿಗೆ ಕಾಣದ್ದು ಅದಕ್ಕೆ ಗೊತ್ತಾಗುತ್ತೆ."

ಪ್ರತಿ ಭಾನುವಾರ ಇಬ್ಬರೂ ಟಾರ್ಚ್ ಹಿಡಿದು ನೋಡುತ್ತಿದ್ದರು. ಕಳೆದ ಭಾನುವಾರ ಒಂದು ಪಟ್ಟಿ ಒಡೆದಿತ್ತು. ಮಾರನೆಯ ದಿನ ನೋಡಿದರೆ ಗೋಡೆಯ ಮೇಲೆ ಒಂದೂ ಗಾಜು ಇರಲಿಲ್ಲ. ಈಗ ಗೋಡೆಯೇ ಕಾಣದ ಹಾಗೆ ಕಪಾಟು ಬಂದು ನಿಂತಿದೆ!

ಪಕ್ಕದ ಕಿಟಕಿಯಿಂದ ಟೈಲರ್ ಆಂಟಿಯ ದನಿ ಕೇಳಿತು. "ರೀ ಏಜೆಂಟರೇ, ಇನ್ನೂ ಎಷ್ಟು ಹೊತ್ತು ನಾನು ಕೈಕಟ್ಟಿ ಕೂತಿರಬೇಕು?"

"ಸ್ವಲ್ಪ ತಡ್ಕೊಳ್ಳಿ ಮೇಡಂ. ಪ್ರಶಾಂತವಾದ ಬೀದಿ ಅಂತ ಹೇಳಿಬಿಟ್ಟಿದೀನಿ. ಅವರು ನೋಡ್ಕೊಂಡು ಹೋಗಿಬಿಡ್ಲಿ."

"ನನ್ನ ಮೆಷಿನ್ನಿಗೆ ಸುಮ್ಮನಿರು ಅಂದ್ರೆ ಸಾಲದು. ನನ್ನ ಹೊಟ್ಟೆಗೂ ನೀವೇ ಒಂದು ಮಾತು ಹೇಳಿ!"

ಪಟಾಕಿ ಕಿಸಕ್ಕನೆ ನಕ್ಕಳು. ಮರುಕ್ಷಣ ಮತ್ತೆ ಸಿಟ್ಟು ಬಂತು. ಬೀದಿಯ ಬಾಯಿ ಮುಚ್ಚಿಸುವುದಕ್ಕೆ ಇವನು ಯಾರು?

ಅಷ್ಟರಲ್ಲಿ ಮನೆ ನೋಡುವವರು ಬಂದರು. ಗಂಡ, ಹೆಂಡತಿ, ಹೆಗಲ ಮೇಲೆ ನಿದ್ದೆ ಹೋದ ಒಂದು ಪಾಪು. ಏಜೆಂಟಿನ ಬಾಯಿಗೆ ಬಿಡುವೇ ಇಲ್ಲ. "ನೋಡಿ ಸರ್, ಹೆರಿಟೇಜ್ ಮನೆ! ಈ ತೊಲೆ ನೋಡಿ, ಈ ಕಿಟಕಿ ನೋಡಿ! ಈಗಿನ ಕಾಲದಲ್ಲಿ ದುಡ್ಡು ಸುರಿದ್ರೂ ಇಂಥದ್ದು ಕಟ್ಟೋಕಾಗಲ್ಲ."

ಹೆಂಗಸಿಗೆ ಕೋಣೆ ಹಿಡಿಸಿತು. ಪಾಪುವಿನ ಬೆನ್ನು ತಟ್ಟುತ್ತಾ ಕಪಾಟಿನ ಕಡೆ ಕೈ ತೋರಿಸಿದಳು. "ರೀ, ಇದನ್ನ ಅವರು ತಗೊಂಡು ಹೋಗ್ತಾರಲ್ಲ, ಆಗ ಇಲ್ಲೇ ತೊಟ್ಟಿಲು ಇಡೋಣ. ಗೋಡೆ ಪಕ್ಕ ಬೆಚ್ಚಗಿರುತ್ತೆ."

ಪಟಾಕಿಗೆ ಇನ್ನು ತಡೆಯಲಾಗಲಿಲ್ಲ.

"ಅಲ್ಲಿ ಇಡಬೇಡಿ ಆಂಟಿ! ಅದರ ಹಿಂದೆ ಗೋಡೆ ಬಿರುಕು ಬಿಟ್ಟಿದೆ. ಇನ್ನೂ ದೊಡ್ಡದಾಗ್ತಿದೆ!"

ಏಜೆಂಟು ಗಟ್ಟಿಯಾಗಿ ನಕ್ಕ. "ಮಕ್ಕಳಲ್ವಾ ಮೇಡಂ! ಮನೆ ಬಿಟ್ಟು ಹೋಗೋಕೆ ಇಷ್ಟ ಇಲ್ಲ, ಏನೋ ಕತೆ ಕಟ್ತಾಳೆ."

"ನಾನು ಕತೆ ಕಟ್ತಿಲ್ಲ!"

ಪಟಾಕಿ ಓಡಿಹೋಗಿ ಕಪಾಟಿಗೆ ಹೆಗಲು ಕೊಟ್ಟು ತಳ್ಳಿದಳು. ಹಲ್ಲು ಕಚ್ಚಿ ತಳ್ಳಿದಳು. ಕಪಾಟು ಮಿಸುಕಲಿಲ್ಲ. ಕಣ್ಣಲ್ಲಿ ನೀರು ತುಂಬಿತು. ಸುಳ್ಳು ಹೇಳಿದವನು ನಗುತ್ತಿದ್ದಾನೆ, ನಿಜ ಹೇಳಿದವಳು ಅಳಬೇಕೇ? "ಅಪ್ಪಾ, ನೀನಾದ್ರೂ ಹೇಳು!"

ಅಪ್ಪ ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಂಡ. ನಿಧಾನವಾಗಿ ಬಂದು ಅವಳ ತಲೆಯ ಮೇಲಿನಿಂದ ಕಪಾಟಿಗೆ ಎರಡೂ ಕೈ ಕೊಟ್ಟ. ಕಪಾಟು ಕಿರ್ರೆಂದು ಪಕ್ಕಕ್ಕೆ ಸರಿಯಿತು.

ಹೆಂಗಸು ಪಾಪುವನ್ನು ಎದೆಗೆ ಒತ್ತಿಕೊಂಡಳು. ಗಂಡಸು ಬಿರುಕನ್ನು ಬೆರಳಿಂದ ಸವರಿ, "ಆಮೇಲೆ ಫೋನ್ ಮಾಡ್ತೀವಿ," ಎಂದ. ಅವರು ಫೋನ್ ಮಾಡುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಏಜೆಂಟು ಅವರ ಹಿಂದೆಯೇ ಧಡಧಡ ಇಳಿದುಹೋದ.

ಅಪ್ಪ ಬಯ್ಯುತ್ತಾನೆಂದು ಪಟಾಕಿ ಕಾದಳು. ಬಯ್ಯಲಿ, ತನಗೂ ಉತ್ತರ ಕೊಡಲು ಬರುತ್ತದೆ.

ಅಪ್ಪ ಬಯ್ಯಲಿಲ್ಲ. "ಮೇಲೆ ಹೋಗಿ ಅಜ್ಜಿಗೆ ನೀನೇ ಹೇಳು. ನನ್ನ ಕೈಲಿ ಆಗಲ್ಲ," ಎಂದಷ್ಟೇ ಹೇಳಿದ.

ಅಜ್ಜಿಯ ಕೋಣೆ ಮೇಲಿನ ಮಹಡಿಯಲ್ಲಿ. ಮಂಡಿ ಕೈಕೊಟ್ಟ ಮೇಲೆ ಅಜ್ಜಿ ಕೆಳಗೆ ಇಳಿದೇ ಇರಲಿಲ್ಲ. ಆ ಕಡಿದಾದ ಮೆಟ್ಟಿಲು ಅವಳಿಗೆ ಆಗದು. ಈ ಮನೆ ಮಾರಿ ಲಿಫ್ಟ್ ಇರುವ ಮನೆಗೆ ಹೋಗುವುದೆಂದು ಅಪ್ಪ, ಅಮ್ಮ ತೀರ್ಮಾನ ಮಾಡಿದ್ದು ಅದಕ್ಕೇ.

ಪಟಾಕಿ ಎಂದಿನಂತೆ ಹಾರಿ ಹಾರಿ ಮೆಟ್ಟಿಲು ಹತ್ತಿದಳು.

ಅಜ್ಜಿ ಮಂಚದ ತುದಿಯಲ್ಲಿ ಕೂತಿದ್ದಳು. ತಲೆ ಬಾಚಿಕೊಂಡಿದ್ದಳು. ಒಳ್ಳೆಯ ಸೀರೆ ಉಟ್ಟಿದ್ದಳು. ಈಗಲೇ ಹೊರಡುವವಳ ಹಾಗೆ ಕಾಲಿಗೆ ಚಪ್ಪಲಿ ಹಾಕಿಕೊಂಡಿದ್ದಳು.

"ಏನಂದ್ರು? ಒಪ್ಪಿದ್ರಾ?"

ಪಟಾಕಿ ಎಲ್ಲವನ್ನೂ ಹೇಳಿದಳು. ಕಪಾಟು, ತೊಟ್ಟಿಲು, ಏಜೆಂಟಿನ ನಗು. ಕೆಳಗೆ ಅಷ್ಟು ಜೋರಾಗಿ ಬಂದ ಮಾತು ಇಲ್ಲಿ ತುಂಡು ತುಂಡಾಗಿ ಬಂತು.

ಅಜ್ಜಿಯ ಮೂಗು ಕೆಂಪಾಯಿತು. "ನನ್ನ ಕಪಾಟು ಇಟ್ಟು ಗೋಡೆ ಮುಚ್ಚಿದ್ನಾ ನನ್ನ ಮಗ? ಹಸುಗೂಸು ಮಲಗೋ ಜಾಗಾನಾ? ಬರ್ಲಿ ಮೇಲಕ್ಕೆ, ಕಿವಿ ಹಿಂಡ್ತೀನಿ! ನಾಳೆನೇ ಮೇಸ್ತ್ರಿನ ಕರೆಸ್ಲಿ. ಆಚೆ ಮನೆಯವಳಿಗೂ ಅದೇ ಗೋಡೆ ಅಲ್ವೇನೇ?"

"ನನ್ನ ಮೇಲೆ ಸಿಟ್ಟಿಲ್ವಾ ಅಜ್ಜಿ?"

"ನಿನ್ನ ಮೇಲೆ ಯಾಕೆ? ನೀನು ಹೇಳದೆ ಇದ್ದಿದ್ರೆ ಆಗ ಬರ್ತಿತ್ತು."

ಅಜ್ಜಿ ಕಿಟಕಿಯ ಕಡೆ ನೋಡಿದಳು. ಕೆಳಗೆ ಬ್ರೆಡ್ ಅಂಗಡಿಯವನು ಯಾರ ಜೊತೆಗೋ ಜಗಳ ಆಡುತ್ತಿದ್ದ. ಸೈಕಲ್ ಬೆಲ್ಲು ಕೇಳಿಸಿತು. ಗೋಡೆಯಾಚೆ ಟೈಲರ್ ಆಂಟಿಯ ಮೆಷಿನ್ ಮತ್ತೆ ಶುರುವಾಯಿತು.

"ಇದನ್ನ ಬಿಚ್ಚೇ. ನನಗೆ ಬಗ್ಗೋಕಾಗಲ್ಲ."

ಪಟಾಕಿ ನೆಲದ ಮೇಲೆ ಕೂತು ಅಜ್ಜಿಯ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಚಪ್ಪಲಿ ಹೊಸದೇನಲ್ಲ. ಆದರೆ ಅಟ್ಟೆಗೆ ಒಂದು ಚೂರೂ ಮಣ್ಣು ಹತ್ತಿರಲಿಲ್ಲ. ಯಾರೋ ಒದ್ದೆ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಒರೆಸಿದ್ದರು. ಬಗ್ಗಲಾಗದ ಅಜ್ಜಿ ಇದನ್ನು ಹಾಕಿಕೊಳ್ಳಲು ಎಷ್ಟು ಹೊತ್ತು ಒದ್ದಾಡಿದ್ದಳೋ.

ಏಜೆಂಟಿನ ಮೇಲಿನ ಸಿಟ್ಟು ಪಟಾಕಿಯ ಎದೆಯಲ್ಲಿ ಹಾಗೇ ಇತ್ತು. ಅಪ್ಪನ ಮೇಲಿನ ಸಿಟ್ಟನ್ನು ಹುಡುಕಿದಳು. ಅದು ಮೊದಲು ಇದ್ದ ಜಾಗದಲ್ಲಿ ಸಿಗಲಿಲ್ಲ.

"ಏನೇ, ಬಿಚ್ಚಕ್ಕೆ ಬರಲ್ವಾ?"

"ಬರುತ್ತೆ ಅಜ್ಜಿ. ಬಿಗಿಯಾಗಿದೆ."

ಬಕಲು ಬಿಗಿಯಾಗಿರಲಿಲ್ಲ. ಪಟಾಕಿ ತಲೆ ಬಗ್ಗಿಸಿಕೊಂಡು, ಬೆರಳಿಗೆ ಅವಸರ ಬೇಡವೆಂದು ಹೇಳಿಕೊಂಡು, ಅದನ್ನು ಬಲು ನಿಧಾನವಾಗಿ ಬಿಚ್ಚಿದಳು.