ಬಾಗಿಲ ಹೊರಗಿನ ಹತ್ತನೆಯವನು

“ಕಾಲಿಗೆ ಮುಳ್ಳು ನಟ್ಟದೇನ್ರಿ? ಒಳಗ ಬರ್ರಿ!”

ಹೆಂಗಸರ ಕಡೆಯ ಪರದೆ ಸರಿಸಿ ದೀನಾ ಕೂಗಿಯೇಬಿಟ್ಟಳು.

ಪ್ರಾರ್ಥನೆಯ ಮನೆಯಲ್ಲಿದ್ದ ಗಂಡಸರೆಲ್ಲ ಬೆಚ್ಚಿ ತಿರುಗಿದರು. ಹೊರಗಿನ ಮೆಟ್ಟಿಲ ಮೇಲೆ ನಿಂತಿದ್ದ ಯುವಕನೂ ತಲೆ ಎತ್ತಿದ. ಟೊಪ್ಪಿಗೆ ಹಾಕಿದ್ದ. ತುಟಿಗಳಲ್ಲಿ ಪ್ರಾರ್ಥನೆ ಇತ್ತು. ಆದರೆ ಹೊಸ್ತಿಲು ಮಾತ್ರ ದಾಟಲಿಲ್ಲ.

ಒಳಗೆ ಒಂಬತ್ತು ಜನ ಗಂಡಸರಿದ್ದರು. ಬೇಕಿದ್ದುದು ಹತ್ತು.

ಬೀದರಕ್ಕೆ ರೈಲು ಬಂದ ಮೇಲೆ ಕೊಂಕಣದ ಕಡೆಯಿಂದ ಬಂದು ನೆಲೆಸಿದ ಯಹೂದಿಗಳ ಆರೇಳು ಮನೆಗಳು ಅಲ್ಲಿದ್ದವು. ಅವರಿಗೂ ಮೊದಲೇ ಬಂದು ಭಾಲ್ಕಿಯಲ್ಲಿ ಎಣ್ಣೆಗಾಣ ಹಾಕಿದವನು ದೀನಾಳ ಅಪ್ಪ ಬನ್ನಾಜಿ. ಅವರ ಧರ್ಮದಂತೆ ಶನಿವಾರ ಗಾಣ ತಿರುಗುತ್ತಿರಲಿಲ್ಲ, ಒಲೆ ಉರಿಯುತ್ತಿರಲಿಲ್ಲ, ಎತ್ತಿಗೂ ಅವತ್ತು ರಜೆ. ಮನೆಯಲ್ಲಿ ಮರಾಠಿ ಮಾತಾದರೂ ಇಲ್ಲೇ ಹುಟ್ಟಿದವರಿಗೆ ಕನ್ನಡವೇ ಸಲೀಸು.

ಬನ್ನಾಜಿ ಸತ್ತು ಇವತ್ತಿಗೆ ಹನ್ನೊಂದು ತಿಂಗಳು. ಸತ್ತವರ ಹೆಸರಲ್ಲಿ ಹೇಳುವ ಕದ್ದೀಷ್ ಪ್ರಾರ್ಥನೆಗೆ ಇದೇ ಕೊನೆಯ ದಿನ. ಹತ್ತು ಗಂಡಸರು ಕೂಡದೆ ಅದನ್ನು ಹೇಳುವಂತಿಲ್ಲ. ಇಷ್ಟು ದಿನ ಹತ್ತನೆಯವನಾಗಿದ್ದ ದವಾಖಾನೆಯ ಕಂಪೌಂಡರನಿಗೆ ಹೋದ ವಾರವಷ್ಟೇ ಪರಭಣಿಗೆ ಬದಲಿಯಾಗಿತ್ತು.

ಕೊನೆಯ ಪ್ರಾರ್ಥನೆ ಕಿವಿಯಾರೆ ಕೇಳಬೇಕೆಂದು ಭಾಲ್ಕಿಯಿಂದ ಗಾಡಿ ಕಟ್ಟಿಸಿಕೊಂಡು ಬಂದವಳು ದೀನಾ!

“ಪರದೆ ಹಿಂದ ಹೋಗು, ದೀನಾ,” ಎಂದ ಇಸಾಜಿ ಕಾಕಾ. ಪ್ರಾರ್ಥನೆ ನಡೆಸುವವನು ಅವನೇ. ಬನ್ನಾಜಿಯ ತಮ್ಮ.

“ಕಾಕಾ, ಹತ್ತನೇದವ್ರು ಅಲ್ಲೇ ನಿಂತಾರಲ್ಲಾ!”

“ಹೋಗು ಅಂದ್ನಿ!”

ಯುವಕ ಕಾಕಾನ ಮುಖ ನೋಡಿದ. ಆಮೇಲೆ ನೆಲ ನೋಡಿದ. ಕದ್ದೀಷ್ ಇಲ್ಲದೆಯೇ ಪ್ರಾರ್ಥನೆ ಮುಗಿಯಿತು.

ದೀನಾಳ ಮೈಯೆಲ್ಲ ಉರಿಯಿತು. ಜನ ಹೊರಬೀಳುವುದರೊಳಗೆ ಅವಳು ಅಂಗಳದಲ್ಲಿ ಅವನನ್ನು ಅಡ್ಡಗಟ್ಟಿದಳು.

“ಸತ್ತವರ ಸಲುವಾಗಿ ಎರಡು ಹೆಜ್ಜಿ ಇಡ್ಲಿಕ್ಕೂ ಭಾರ ಆಯ್ತೇನ್ರಿ ನಿಮಗ? ಬರೂದಿಲ್ಲ ಅಂದ್ರ ಮನ್ಯಾಗೇ ಕೂಡ್ಬೇಕಿತ್ತು. ತಮಾಷಾ ನೋಡ್ಲಿಕ್ಕೆ ಬಂದಿದ್ರೇನು?”

ಅವನು ಒಂದು ಹೆಜ್ಜೆ ಹಿಂದೆ ಸರಿದ. “ನಿಮ್ಮ ಅಪ್ಪಾರು ಭಾಳ ದೊಡ್ಡವರಿದ್ರು... ಮಾಫ್ ಮಾಡ್ರಿ,” ಎಂದಷ್ಟೇ ಹೇಳಿ ಹೊರಟುಹೋದ.

ಆ ಕಣ್ಣುಗಳು ತುಂಬಿದ್ದವೇ? ತುಂಬಿದರೆ ತುಂಬಲಿ! ನನ್ನ ಅಪ್ಪನಿಗೇನು ಬಂತು ಅದರಿಂದ?

ಬಾಗಿಲಲ್ಲಿ ನಿಂತಿದ್ದ ಇಸಾಜಿ ಕಾಕಾ ಎಲ್ಲವನ್ನೂ ಕೇಳಿಸಿಕೊಂಡ. ತುಟಿ ಬಿಚ್ಚಲಿಲ್ಲ.

ಮರುದಿನ ಮುಂಜಾನೆ ಗಾಡಿ ಬೀದರದ ದಿಬ್ಬ ಇಳಿಯುತ್ತಿತ್ತು. ಗಾಡಿ ಹೊಡೆಯುತ್ತಿದ್ದವನು ಬಾಬುಮಿಯಾ, ಇಪ್ಪತ್ತು ವರ್ಷದಿಂದ ಬನ್ನಾಜಿಯ ಗಾಣದಲ್ಲಿ ದುಡಿದವನು. ದೀನಾ ಇನ್ನೂ ಆ ಯುವಕನನ್ನು ಬಯ್ಯುತ್ತಲೇ ಇದ್ದಳು.

“ಯಾರಿಗೆ ಬೈಲಿಕತ್ತಿ ಬೇಟಿ? ಉದ್ದಕ್ಕಿದ್ದಾನ, ಎಡಗೈಯಾಗ ಉಳಿ ಗಾಯ ಅದ... ಅವನೇನು?”

“ಹೌದು ಚಾಚಾ. ನಿಮಗ ಗೊತ್ತೇನು?”

“ಹಸ್ಕೆಲ್! ರೈಲ್ವೇದಾಗ ಬಡಿಗ್ಯಾ. ನಿಮ್ಮಪ್ಪ ಎಣ್ಣಿ ತಂದಾಗೆಲ್ಲ ಅವನ ಖೋಲಿ ಮುಂದ ಕುಂತು ಅವಂಗ ನಿಮ್ಮ ನಮಾಜಿನ ಮಾತು ಕಲಿಸ್ತಿದ್ರು. ಅವನ ಬಾಪ್ ನಿಮ್ಮವನೇ. ತಾಯಿ ಸಂತಪುರದ ಜಿಜಾಬಾಯಿ, ಒಕ್ಕಲುತನ ಮಾಡೋರ ಮಗಳು. ಅದಕ್ಕೇ ನಿಮ್ಮ ಕಾಕಾ ಅವಂಗ ಒಳಗ ಬಿಡಂಗಿಲ್ಲ. ಹತ್ತು ಮಂದ್ಯಾಗ ಎಣಿಸಂಗಿಲ್ಲ. ಮೂರು ವರ್ಷದಿಂದ ಮಳಿ, ಬಿಸಿಲು ಅನ್ನದೆ ಮೆಟ್ಟಲ ಮ್ಯಾಲ ನಿಲ್ತಾನ.”

ದೀನಾ ಗಾಡಿಯ ಗೂಟ ಹಿಡಿದು ನೆಟ್ಟಗೆ ಕೂತಳು.

ನಾನು... ಯಾರನ್ನು ಬಯ್ದೆ? ಏನೆಂದು ಬಯ್ದೆ?

“ಚಾಚಾ, ಗಾಡಿ ಹೊರಳಿಸ್ರಿ.”

“ಯಾ ಅಲ್ಲಾ! ಈಗ ಇಳಿದದ್ದು ಮತ್ತ ಹತ್ತಬೇಕಾ? ಎತ್ತು ನನಗ ಬೈತಾವು!”

“ಹೊರಳಿಸ್ರಿ ಅಂದ್ನಲ್ಲಾ!”

ಇಸಾಜಿ ಕಾಕಾ ಜಗಲಿಯ ಮೇಲೆ ಚಹಾ ಕುಡಿಯುತ್ತಿದ್ದ. ದೀನಾ ಅವನ ಮುಂದೆ ನಿಂತಳು.

“ನಿಮಗ ಗೊತ್ತಿತ್ತು. ನಾ ಅವರಿಗೆ ಬಾಯಿಗೆ ಬಂದಂಗ ಅಂದಾಗ ಸುಮ್ಮ ನಿಂತಿದ್ರಿ!”

“ಮತ್ತೇನು ಮಾಡ್ಲಿ? ರಕ್ತ ಬೆರಕಿ ಆದವರಿಗೆ ಹತ್ತರಾಗ ಹಿಡಿಯಂಗಿಲ್ಲ. ಹಿರಿಯರ ಪದ್ಧತಿ ಅದ. ನಾಳಿಗಿ ನಮ್ಮ ಮನಿ ಹುಡುಗೇರ್ನ ಯಾರು ಮಾಡ್ಕೋತಾರ?”

“ಯಾರ ಪದ್ಧತಿ ಕಾಕಾ? ಶನಿವಾರ ಗಾಣ ನಿಲ್ಲಸ್ತೀವಂತ ಭಾಲ್ಕಿ ಮಂದಿ ನಮಗ ಒಂದು ದಿನ ಹೊರಗಿನವರು ಅಂದಿಲ್ಲ. ಬಸವಣ್ಣೆಪ್ಪ ಶೆಟ್ರು ಐತವಾರದ ತನಕ ಕಾದು ನಮ್ಮ ಎಣ್ಣಿನೇ ಒಯ್ತಾರ. ಅಪ್ಪನ ಹೆಣಕ್ಕ ಹೆಗಲು ಕೊಟ್ಟವರು ಯಾರು? ಸಂತಪುರದ ಹೆಣ್ಮಗಳ ಹೊಟ್ಟ್ಯಾಗ ಹುಟ್ಟಿದ್ದು ನಿಮಗ ಹೊಲಸಾಯ್ತೇನು?”

“ಬಾಯಿ ಮುಚ್ಚು! ನಿಮ್ಮಪ್ಪ ಇದ್ದಿದ್ರ...”

“ಅಪ್ಪ ಅವರ ಬಾಜೂಕ ನೆಲದ ಮ್ಯಾಲ ಕುಂತು ಪಾಠ ಹೇಳಿದ್ರು. ನೀವು ಅಣ್ಣನ ಕದ್ದೀಷ್ ಬೇಕಾದ್ರ ಬಿಟ್ರಿ, ನಿಮ್ಮ ಹಟ ಬಿಡಲಿಲ್ಲ!”

ಕಾಕಾ ಚಹಾದ ಬಸಿಯನ್ನು ಜಗಲಿಯ ಮೇಲೆ ಕುಕ್ಕಿದ. ದೀನಾ ನಿಂತು ನೋಡಲಿಲ್ಲ.

ಸ್ಟೇಷನ್ನಿನ ಹತ್ತಿರ, ತನ್ನ ಖೋಲಿಯ ಮುಂದಿನ ಬೇವಿನ ನೆರಳಲ್ಲಿ, ಹಸ್ಕೆಲ್, ಬಗದಲ್ ಹಳ್ಳಿಯ ರೈತರೊಬ್ಬರ ನೊಗ ಕೆತ್ತುತ್ತಿದ್ದ. ಗಾಡಿಯಿಂದ ಇಳಿದವಳನ್ನು ಕಂಡು ಎದ್ದು ನಿಂತ.

“ಇನ್ನೂ ಬೈಯೂದು ಬಾಕಿ ಅದೇನ್ರಿ?” ನಗಲು ನೋಡಿದ.

“ಅದ! ನಿನ್ನಿ ಯಾಕ ಹೇಳ್ಲಿಲ್ಲ ನೀವು?”

“ಏನಂತ ಹೇಳ್ಲಿ? ಹೇಳಿದ್ರ ನಿಮ್ಮ ಕಾಕಾನ ಜೋಡಿ ಜಗಳ ಆಗ್ತಿತ್ತು. ಅಪ್ಪಾರ ಕದ್ದೀಷ್ ದಿನ ಮನ್ಯಾಗ ಜಗಳ ಯಾಕ?”

“ಅದಕ್ಕ ಬೈಸ್ಕೊಂಡ್ರಿ?”

“ನಿಮ್ಮ ಅಪ್ಪಾರಿಂದ ಭಾಳ ಉಂಡೀನ್ರಿ. ನಿಮ್ಮ ಕೈಯಿಂದ ಒಂದಿಷ್ಟು ಬೈಗುಳ ಉಂಡ್ರ ಏನಾಗ್ತದ?”

ದೀನಾಳ ಸಿಟ್ಟು ಅಲ್ಲೇ ಒಡೆದು ಕಣ್ಣೀರಾಯಿತು. ಸೆರಗಿನಿಂದ ಒರೆಸಿಕೊಂಡು, ಆ ಸೆರಗನ್ನೇ ತಲೆಯ ಮೇಲೆ ಎಳೆದುಕೊಂಡು ಅವನ ಎದುರು ನೆಟ್ಟಗೆ ನಿಂತಳು.

“ಕದ್ದೀಷ್ ನಾ ಹೇಳ್ತೀನಿ. ನೀವು ಆಮೆನ್ ಅನ್ರಿ.”

“ದೀನಾ! ಹೆಣ್ಮಕ್ಕಳು ಹೇಳಂಗಿಲ್ಲ... ಹತ್ತು ಮಂದಿನೂ ಇಲ್ಲ...”

“ಅಪ್ಪಗ ಮಗ ಇಲ್ಲ. ನಾ ಇದ್ದೀನಿ.”

ಹಿಂದೆ ಅಜ್ಜಿ ತೀರಿಕೊಂಡಾಗ ಅಪ್ಪ ಗಾಣದ ಮುಂದೆ ಕೂತು ಆ ಪ್ರಾರ್ಥನೆಯನ್ನು ಬಾಯಿಪಾಠ ಮಾಡಿದ್ದ. ಎಳ್ಳು ಹಸನು ಮಾಡುತ್ತ ಕೂತಿದ್ದ ಹುಡುಗಿಗೂ ಅದು ಬಂದುಬಿಟ್ಟಿತ್ತು. ಈಗ ಮೊದಲ ಮಾತು ನಡುಗಿತು. ಎರಡನೆಯದು ಗಟ್ಟಿಯಾಯಿತು. ನಡುವೆ ಒಂದೆಡೆ ಮರೆತಳು, ಹಸ್ಕೆಲ್ ಮೆಲ್ಲಗೆ ಎತ್ತಿಕೊಟ್ಟ. ಅವನ ದನಿಯಲ್ಲೂ ಅದೇ ಎಳೆತ, ಅದೇ ತಡವರಿಕೆ... ಅಪ್ಪನದೇ!

“ಆಮೆನ್,” ಎಂದ ಹಸ್ಕೆಲ್. ಗಾಡಿಯ ಹತ್ತಿರ ಬಾಬುಮಿಯಾ ರುಮಾಲಿನ ಅಂಚಿನಿಂದ ಮೂಗು ಒರೆಸಿಕೊಂಡ.

ಹಸ್ಕೆಲ್ ಬಗ್ಗಿ ಉಳಿ ಎತ್ತಿಕೊಂಡು ಅದರ ಅಂಚು ಒರೆಸಿದ.

“ನಿಮ್ಮ ಅಪ್ಪಾರು ನಿಮ್ಮ ಸುದ್ದಿ ಭಾಳ ಹೇಳ್ತಿದ್ರು,” ಎಂದ ಅವನು ಕಡೆಗೆ. “ಮಗಳು ಸಿಟ್ಟಿನಾಕಿ, ಆದ್ರ ಸುಳ್ಳ ಸಿಟ್ಟು ಮಾಡಂಗಿಲ್ಲ ಅಂತಿದ್ರು. ನೋಡೋದಕ್ಕಿಂತ ಮೊದಲೇ ನಾ...” ತಡೆದ. “ಬ್ಯಾಡ್ರಿ. ಆಗೋ ಮಾತಲ್ಲ.”

“ಅರ್ಧಕ್ಕ ಬಿಡಬ್ಯಾಡ್ರಿ. ಹೇಳ್ರಿ.”

“ನನ್ನ ಕೈ ಹಿಡಿದ್ರ ನಿಮಗೂ ಹೊರಗ ಹಾಕ್ತಾರ, ದೀನಾ. ನಾಳಿಗಿ ನಮ್ಮ ಮಕ್ಕಳನ್ನೂ ಹತ್ತರಾಗ ಹಿಡಿಯಂಗಿಲ್ಲ.”

“ನನಗ ಯಾರು ಯಾವತ್ತು ಹಿಡಿದಾರ ಹತ್ತರಾಗ?” ಅವಳ ದನಿಯಲ್ಲಿ ಕಿಡಿ ಇನ್ನೂ ಆರಿರಲಿಲ್ಲ. “ಹುಟ್ಟಿದಾಗಿಂದ ಪರದೆ ಹಿಂದೇ ನಿಂತೀನಿ. ಅಪ್ಪನ ಸಲುವಾಗಿ ಅಷ್ಟು ದೂರದಿಂದ ಬಂದಾಕಿ ನಾನು. ಅವರಿಗೆ ಒಬ್ಬ ಕಡಿಮಿ ಬಿದ್ದ, ನಾ ಅಲ್ಲೇ ಇದ್ದೆ!”

ಹಸ್ಕೆಲ್ ಕೈಯ ಉಳಿ ಕೆಳಗಿಟ್ಟ. ಮೂರು ವರ್ಷ ಮೆಟ್ಟಿಲ ಮೇಲೆ ನಿಂತರೂ ಇದೊಂದು ಅವನಿಗೆ ಹೊಳೆದಿರಲಿಲ್ಲ.

“ನಿಮ್ಮ ತಾಯಿ ಏನಂತಾರ?” ಎಂದ, ಮೆಲ್ಲಗೆ.

“ಅಳ್ತಾಳ. ಬೈತಾಳ. ಆಮ್ಯಾಲ ನಿಮಗ ಏನು ಅಡಿಗಿ ಸೇರ್ತದಂತ ಕೇಳ್ತಾಳ.”

“ನನಗ ಎಲ್ಲಾ ಸೇರ್ತದ.”

“ಹಂಗಂದ್ರ ಆಯಿ ಒಪ್ಪಂಗಿಲ್ಲ. ಒಂದು ಹೆಸರು ಹೇಳ್ರಿ.”

“ದೀನಾ,” ಎಂದ.

“ಅಡಿಗಿದು ಹೇಳ್ರಿ ಅಂದ್ರ!” ಎಂದವಳ ಮುಖ ಕೆಂಪಾಗಿತ್ತು. ಈ ಸಲ ಸಿಟ್ಟಿಗಲ್ಲ.